ಪ್ಯಾಕೇಜಪ್ಪ

ಸಿಇಟಿ ಫಲಿತಾಂಶ ಬಂತೆಂದರೆ ಕೊರಟಗೆರೆಯಲ್ಲಿ ಪ್ಯಾಕೇಜಪ್ಪನ ಸುಗ್ಗಿ. ಬಸ್ ನಿಲ್ದಾಣದ ಬಳಿಯ ಟೀ ಅಂಗಡಿ, ಗೊರವನಹಳ್ಳಿ ಮಹಾಲಕ್ಷ್ಮಿಯ ದರ್ಶನದ ಸಾಲು, ಮದುವೆ ಛತ್ರದ ಎರಡನೇ ಪಂಕ್ತಿ, ಎಲ್ಲಿ ನಾಲ್ಕು ಜನ ಸೇರುತ್ತಾರೋ ಅಲ್ಲಿ ಐದನೆಯವನಾಗಿ ಅವನಿರುತ್ತಾನೆ. ಈ ಹೆಸರನ್ನು ಯಾವ ತಾಯಿಯೂ ಮಗನಿಗೆ ಇಟ್ಟಿಲ್ಲ, ಆದರೆ ಈ ಮನುಷ್ಯ ಇಲ್ಲದ ಮನೆಯೂ ಇಲ್ಲ. ಒಂದು ಮನೆಯಲ್ಲಿ ಅವನು ನಿವೃತ್ತ ಮೇಷ್ಟ್ರು, ಇನ್ನೊಂದರಲ್ಲಿ ಅಡಿಕೆ ವ್ಯಾಪಾರಿ, ಮತ್ತೊಂದರಲ್ಲಿ ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿಳಿದ ಭಾವಮೈದುನ. ಹೆಂಗಸರ ಸಾಲಿನಲ್ಲಿ ಪ್ಯಾಕೇಜಮ್ಮನೂ ಇದ್ದಾಳೆ, ಅವಳ ಲೆಕ್ಕ ಇನ್ನೂ ಚುರುಕು. ಹುಡುಗನೋ ಹುಡುಗಿಯೋ ಎಂಜಿನಿಯರಿಂಗ್ ಓದುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದ ಕ್ಷಣ ಅವನ ಬಾಯಿಂದ ಪ್ರಶ್ನೆ ಉದುರುತ್ತದೆ: ‘ಆ ಕಾಲೇಜಲ್ಲಿ ಪ್ಯಾಕೇಜ್ ಎಷ್ಟು ಬತ್ತದಂತೆ?’ ಮಗು ಏನು ಓದುತ್ತಿದೆ, ಯಾರು ಕಲಿಸುತ್ತಾರೆ, ಕಲಿತು ಏನು ಮಾಡುತ್ತದೆ ಎಂಬ ಉಪಪ್ರಶ್ನೆಗಳಿಗೆ ಅವನ ಪ್ರಶ್ನೆಪತ್ರಿಕೆಯಲ್ಲಿ ಜಾಗವಿಲ್ಲ.

ಅವನ ಜ್ಞಾನವನ್ನು ಮಾತ್ರ ಹಗುರವಾಗಿ ಕಾಣಬೇಡಿ. ಕಳೆದ ವರ್ಷ ಆರ್.ವಿ. ಕಾಲೇಜಿನ ಕಂಪ್ಯೂಟರ್ ಸೀಟು ಯಾವ ರ್‍ಯಾಂಕಿಗೆ ನಿಂತಿತು, ಕಾಮೆಡ್-ಕೆಯಲ್ಲಿ ಬಿಎಂಎಸ್ ಎಷ್ಟಕ್ಕೆ ಹೋಯಿತು, ತುಮಕೂರಿನ ಸಿದ್ಧಗಂಗಾ ಕಾಲೇಜಿಗೆ ಯಾವ ಕಂಪನಿ ಬರುತ್ತದೆ, ಸುರತ್ಕಲ್ಲಿನ ಎನ್‌ಐಟಿಗೆ ಯಾವುದು ಬರುತ್ತದೆ, ಎಲ್ಲವೂ ನಾಲಿಗೆಯ ತುದಿಯಲ್ಲಿ. ಅವನ ಶಾಸ್ತ್ರದಲ್ಲಿ ಕಂಪ್ಯೂಟರ್ ಸೈನ್ಸು ಉತ್ತಮ, ಕೃತಕ ಬುದ್ಧಿಮತ್ತೆ ಉತ್ತಮೋತ್ತಮ, ಎಲೆಕ್ಟ್ರಾನಿಕ್ಸು ಮಧ್ಯಮ. ಸಿವಿಲ್ ಎಂದಾಗ ಅವನ ದನಿ ತಗ್ಗುತ್ತದೆ, ಕಾಯಿಲೆಯ ಹೆಸರು ಹೇಳುವವರ ದನಿ ತಗ್ಗುವ ಹಾಗೆ. ಇನ್ನು ಯಾರದೋ ಮಗ ಎಂ.ಟೆಕ್. ಮುಗಿಸಿ ಪಿಎಚ್.ಡಿ.ಗೆ ಸೇರಿದ್ದಾನೆ ಎಂದರೆ ಪ್ಯಾಕೇಜಪ್ಪನ ಮುಖದಲ್ಲಿ ನಿಜವಾದ ಕನಿಕರ ಮೂಡುತ್ತದೆ: ‘ಅಯ್ಯೋ, ಇನ್ನೂ ಓದ್ತಾನೇ ಅವ್ನಾ?’ ಇದೇ ಕೊರಟಗೆರೆಯಿಂದ 2008, 2018 ಮತ್ತು 2023ರಲ್ಲಿ ವಿಧಾನಸಭೆಗೆ ಗೆದ್ದ ಜಿ. ಪರಮೇಶ್ವರ ಅವರು ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಸಸ್ಯಶರೀರಶಾಸ್ತ್ರದ ಸಂಶೋಧನೆ ಮಾಡಿ ಪಿಎಚ್.ಡಿ. ಪಡೆದವರು. ಅವರನ್ನು ‘ಡಾಕ್ಟ್ರು’ ಎಂದು ಗೌರವದಿಂದಲೇ ಕರೆಯುವ ಪ್ಯಾಕೇಜಪ್ಪನಿಗೆ ಆ ಡಾಕ್ಟರು ಎಲ್ಲಿಂದ ಬಂತು ಎಂಬ ಕುತೂಹಲವಿಲ್ಲ. ಪದವಿ ಬಂದ ಮೇಲೆ ಕೈಮುಗಿಯುತ್ತಾನೆ, ಅದಕ್ಕಾಗಿ ದುಡಿಯುವಾಗ ಮರುಗುತ್ತಾನೆ.

ಇಷ್ಟಕ್ಕೇ ನಕ್ಕು ಸುಮ್ಮನಾಗಬಹುದು. ಆದರೆ ನನ್ನ ತಕರಾರು ಇರುವುದು ಅವನಿಗೆ ಈ ಪಾಠ ಹೇಳಿಕೊಟ್ಟ ಗುರುಗಳ ಮೇಲೆ. ಹೆಸರಾಂತ ಎಂಜಿನಿಯರಿಂಗ್ ಕಾಲೇಜುಗಳು ತಮ್ಮನ್ನು ತಾವು ಪರಿಚಯಿಸಿಕೊಳ್ಳುವ ರೀತಿ ನೋಡಿ. ಪ್ರವೇಶದ ಹಂಗಾಮಿನಲ್ಲಿ ಬರುವ ಪತ್ರಿಕಾ ಜಾಹೀರಾತು, ಹೆದ್ದಾರಿ ಬದಿಯ ಫ್ಲೆಕ್ಸು, ಕೈಗೆ ತುರುಕುವ ಬಣ್ಣದ ಪುಸ್ತಿಕೆ, ಮೂರರಲ್ಲೂ ಅತಿ ದೊಡ್ಡ ಅಕ್ಷರದಲ್ಲಿರುವುದು ಅತಿ ಹೆಚ್ಚಿನ ಪ್ಯಾಕೇಜು. ಸಂತೆಯ ಬುಟ್ಟಿಯಲ್ಲಿ ದಪ್ಪ ಟೊಮೆಟೊ ಮೇಲೆ ಕೂರುವ ಕ್ರಮವೇ ಇದು. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬನಿಗೆ 50 ಲಕ್ಷ, ಉಳಿದ ಐವತ್ತೊಂಬತ್ತು ಮಂದಿಗೆ 4 ಲಕ್ಷ ಸಿಕ್ಕಿತು ಎಂದುಕೊಳ್ಳಿ. ಸರಾಸರಿ 4.77 ಲಕ್ಷಕ್ಕೆ ಬರುತ್ತದೆ, ಸಾಲಿನ ನಡುವೆ ನಿಂತವನ ಕೈಗೆ ಸಿಗುವುದು 4 ಲಕ್ಷವೇ. ಫ್ಲೆಕ್ಸಿನ ಮೇಲೆ ಬರುವುದು ಮಾತ್ರ 50. ಆ 50ರ ಹೊಟ್ಟೆ ಬಗೆದರೆ ನಾಲ್ಕು ವರ್ಷಕ್ಕೆ ಹಂಚಿ ಕೊಡುವ ಷೇರು, ಒಮ್ಮೆ ಮಾತ್ರ ಬರುವ ಸೇರ್ಪಡೆ ಬೋನಸ್ಸು, ಕಂಪನಿ ಕಟ್ಟುವ ಪಿಎಫ್ ಪಾಲು, ಐದು ವರ್ಷ ನಿಂತರಷ್ಟೇ ಸಿಗುವ ಗ್ರಾಚ್ಯುಯಿಟಿ ಎಲ್ಲ ಹೊರಬೀಳುತ್ತವೆ. ಅದೇ ಕಾಲೇಜಿನ ಪ್ರಯೋಗಾಲಯದಲ್ಲಿ ಯಾರೋ ಮೂರು ವರ್ಷ ಕೂತು ಏನನ್ನೋ ಕಂಡುಕೊಂಡಿದ್ದರೆ ಅದು ವಾರ್ಷಿಕ ವರದಿಯ ಕೊನೆಯ ಪುಟಗಳಲ್ಲಿ ತಣ್ಣಗೆ ಮಲಗಿರುತ್ತದೆ. ಅಂಗಡಿಯವನು ಒಂದೇ ಸರಕನ್ನು ಎತ್ತಿ ತೋರಿಸಿದಾಗ ಗಿರಾಕಿ ಅದರ ಬೆಲೆಯನ್ನಲ್ಲದೆ ಇನ್ನೇನು ಕೇಳಿಯಾನು?

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಮತ್ತು ಅದು ತೂಕದ ಆಕ್ಷೇಪ. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆಗಳು ಮಳೆಯನ್ನು ನಂಬಿ ಕೆಟ್ಟ ಸೀಮೆಗಳು. ಕಡಲೆಕಾಯಿ ಕೈಕೊಟ್ಟ ವರ್ಷ, ಕೊಳವೆಬಾವಿ ಬತ್ತಿ ಅಡಿಕೆ ಒಣಗಿದ ವರ್ಷ, ಸಾಲ ಮಾಡಿ ಮಗಳನ್ನು ಓದಿಸುವ ತಂದೆ ಸಂಬಳ ಕೇಳಿದರೆ ಅದು ದುರಾಸೆಯೇ? ಖಂಡಿತ ಅಲ್ಲ. ಬ್ಯಾಂಕಿನವರು ಕಂತಿಗೆ ಬಂದಾಗ ಸಂಶೋಧನಾ ಪ್ರಬಂಧ ತೋರಿಸಲಾಗದು. ಆದರೆ ಪ್ಯಾಕೇಜಪ್ಪನ ಲೆಕ್ಕ ಹೊಟ್ಟೆಪಾಡಿನ ಲೆಕ್ಕವೇ ಆಗಿದ್ದರೆ ಅವನು ಇನ್ನೊಂದು ಲೆಕ್ಕವನ್ನೂ ಮಾಡುತ್ತಿದ್ದ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಹತ್ತು ವರ್ಷಕ್ಕೂ ಮೀರಿ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಪಟ್ಟಾಗಿ ಕೂತಿದೆ. 2023ರಲ್ಲಿ ಕೇಂದ್ರ ಸರ್ಕಾರ ಕಿರಿಯ ಸಂಶೋಧಕರ ಫೆಲೋಶಿಪ್ಪನ್ನು ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿಸಿತು. ವರ್ಷಕ್ಕೆ 4.44 ಲಕ್ಷವಾಯಿತು, ಮನೆ ಬಾಡಿಗೆ ಭತ್ಯೆ ಬೇರೆ. ಆ ಹಣ ತಡವಾಗಿ ಬರುತ್ತದೆ, ಎಲ್ಲರಿಗೂ ಸಿಗುವುದಿಲ್ಲ, ಪರೀಕ್ಷೆ ಕಠಿಣ ಎಂಬುದೆಲ್ಲ ನಿಜ. ಆದರೂ ಮೂರೂವರೆ ಲಕ್ಷದ ಹುಡುಗ ‘ಸೆಟ್ಲ್ ಆದ’ ವರ, 4.44 ಲಕ್ಷದ ಹುಡುಗ ‘ಇನ್ನೂ ಓದುವ’ ಬಡಪಾಯಿ ಎಂದಾದರೆ ಅಲ್ಲಿ ಹಣದ ಮಾತು ಮುಗಿಯಿತು, ಪ್ರತಿಷ್ಠೆಯ ಮಾತು ಶುರುವಾಯಿತು. ಕುತ್ತಿಗೆಗೆ ನೇತುಹಾಕಿಕೊಳ್ಳುವ ಕಂಪನಿಯ ಗುರುತಿನ ಪಟ್ಟಿಗೆ ಇರುವ ಬೆಲೆಯನ್ನು ಯಾವ ಫೆಲೋಶಿಪ್ಪೂ ಕೊಂಡುಕೊಳ್ಳಲಾರದು.

ಈ ಪ್ರತಿಷ್ಠೆ ಕೊರಟಗೆರೆಯ ಪೇಟೆಬೀದಿಯಲ್ಲಿ ಹುಟ್ಟಿದ್ದಲ್ಲ ಎನ್ನಲು ಅದೇ 2023ರ ಇನ್ನೊಂದು ಸಂಗತಿ ಸಾಕ್ಷಿ. ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ದೇಶದ ಪ್ಯಾಕೇಜಪ್ಪರೆಲ್ಲ ಪಟಾಕಿ ಹೊಡೆದರು, ಸಿಹಿ ಹಂಚಿದರು. ಕೆಲವೇ ವಾರಗಳಲ್ಲಿ ಆಗಿನ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ಸಂದರ್ಶನವೊಂದರಲ್ಲಿ ಮುಜುಗರದ ಮಾತೊಂದನ್ನು ಹೇಳಿದರು. ನೇಮಕಕ್ಕೆಂದು ಐಐಟಿಯೊಂದಕ್ಕೆ ಹೋದ ಇಸ್ರೋ ತಂಡ ಸಂಬಳದ ಶ್ರೇಣಿಯನ್ನು ವಿವರಿಸುತ್ತಿದ್ದಂತೆ ಶೇ. 60ರಷ್ಟು ವಿದ್ಯಾರ್ಥಿಗಳು ಎದ್ದು ಹೋದರಂತೆ. ಇಸ್ರೋದಲ್ಲಿ ವಿಜ್ಞಾನಿಯಾಗಿ ಸೇರುವವರ ಮೂಲ ವೇತನ 56,100 ರೂಪಾಯಿ, ಭತ್ಯೆಗಳು ಬೇರೆ. ಅದರಲ್ಲಿ ಯಾರೂ ಉಪವಾಸ ಬೀಳುವುದಿಲ್ಲ. ಹೀಗಾಗಿ ಇಲ್ಲಿ ಸಾಲದ ಕಂತಿನ ವಾದವೂ ಪೂರ್ತಿ ನಿಲ್ಲುವುದಿಲ್ಲ. ನಾಡಿನ ಅತ್ಯಂತ ಚುರುಕು ಮಕ್ಕಳನ್ನು ಸೋಸಿ ತೆಗೆದು, ಜನರ ತೆರಿಗೆಯಲ್ಲಿ ಓದಿಸಿ, ಆ ಹೊತ್ತಿಗೆ ಅವರ ಕಿವಿಗೆ ಒಂದೇ ಅಂಕಿ ಕೇಳುವಂತೆ ಮಾಡಿದ ಸಂಸ್ಥೆ ಯಾವುದು? ಅಲ್ಲಿನ ಪ್ಲೇಸ್‌ಮೆಂಟಿನ ಮೊದಲ ದಿನ ಯಾರಿಗೆ ಸಿಗಬೇಕು ಎಂಬುದೇ ಕಂಪನಿಗಳ ನಡುವಿನ ಪೈಪೋಟಿ, ಮತ್ತು ಆ ಸರದಿಯನ್ನು ನಿರ್ಧರಿಸುವುದರಲ್ಲಿ ಸಂಬಳದ ಪಾತ್ರ ದೊಡ್ಡದು. ಪುಣ್ಯಕ್ಕೆ ಇಸ್ರೋದ ಬಹುಪಾಲು ಎಂಜಿನಿಯರುಗಳು ಸಾಧಾರಣ ಕಾಲೇಜುಗಳಿಂದ ಬಂದವರು. ಚಂದ್ರನಿಗೆ ಅವರ ರ್‍ಯಾಂಕು ಗೊತ್ತಾಗಲಿಲ್ಲ.

‘ಬಿ.ಇ. ಓದುವುದೇ ಕೆಲಸಕ್ಕೆ, ಸಂಶೋಧನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದೆಯಲ್ಲ’ ಎನ್ನುವುದು ಎರಡನೆಯ ಆಕ್ಷೇಪ. 1909ರಲ್ಲಿ ಹುಟ್ಟಿದ ಆ ಸಂಸ್ಥೆ ಇವತ್ತಿಗೂ ಸಂಶೋಧನೆಯನ್ನೇ ಮುಂದಿಟ್ಟುಕೊಂಡಿದೆ ಎಂಬುದನ್ನು ಒಪ್ಪಬೇಕು. ಆದರೆ ಉಳಿದ ಕಾಲೇಜುಗಳು ತಾವು ಬರೀ ಉದ್ಯೋಗ ತರಬೇತಿ ಕೇಂದ್ರಗಳು ಎಂದು ಪ್ರಾಮಾಣಿಕವಾಗಿ ಬೋರ್ಡು ಹಾಕಿಕೊಂಡಿಲ್ಲ. ಸಂಶೋಧನಾ ಕೇಂದ್ರ ಎಂಬ ಫಲಕ ವಿಭಾಗಕ್ಕೊಂದರಂತೆ ಇದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಸಂಶೋಧನೆಗೆ ಶೇ. 30ರಷ್ಟು ತೂಕವಿದೆ. ಇದರಿಂದ ಸಂಶೋಧನೆ ಬೆಳೆಯಬೇಕಿತ್ತು, ಬೆಳೆದದ್ದು ಪ್ರಬಂಧಗಳ ಎಣಿಕೆ. ಪ್ರಕಟವಾಗಿ ಆಮೇಲೆ ಹಿಂಪಡೆಯಲಾದ ಪ್ರಬಂಧಗಳಿಗೆ ಅಂಕ ಕಳೆಯುವ ಕ್ರಮವನ್ನು 2025ರಲ್ಲಿ ತರಬೇಕಾಗಿ ಬಂತು ಎಂದರೆ ರೋಗದ ಅಂದಾಜು ಸಿಗುತ್ತದೆ. ಹುಡುಗರ ಕಡೆ ನೋಡಿದರೆ, ಕೊನೆಯ ವರ್ಷದ ಪ್ರಾಜೆಕ್ಟು ಬೆಂಗಳೂರಿನ ಅಂಗಡಿಗಳಲ್ಲಿ ವರದಿ ಸಮೇತ ಸಿದ್ಧವಾಗಿ ಸಿಗುತ್ತದೆ. ಅಂದರೆ ಸಂಶೋಧನೆಗೂ ಒಂದು ಪ್ಯಾಕೇಜು ಬಂದಿದೆ.

ಪ್ಯಾಕೇಜಪ್ಪನಿಗೆ ಇದರಿಂದ ಆಗುವ ನಷ್ಟವೇನು? ಅವನ ಊರಿನ ನೀರನ್ನೇ ಕೇಳೋಣ. ಪಶ್ಚಿಮಘಟ್ಟದ ಹೊಳೆಗಳ ನೀರನ್ನು ಈ ಕಡೆ ತರುವ ಎತ್ತಿನಹೊಳೆ ಯೋಜನೆಯ ಅಂದಾಜು ವೆಚ್ಚ 23 ಸಾವಿರ ಕೋಟಿ ದಾಟಿದೆ, ಅದರ ಬೈರಗೊಂಡ್ಲು ಜಲಾಶಯದ ಪ್ರಸ್ತಾಪ ಕೊರಟಗೆರೆ–ದೊಡ್ಡಬಳ್ಳಾಪುರದ ಗಡಿಗೇ ಬಂದು ನಿಂತಿದೆ, ಮುಳುಗುವ ಜಮೀನಿನ ಪರಿಹಾರದ ಜಗಳ ವರ್ಷಗಟ್ಟಲೆ ನಡೆದಿದೆ. ಆ ಹೊಳೆಗಳಿಂದ 24 ಟಿಎಂಸಿ ನೀರು ಸಿಗುತ್ತದೆ ಎಂಬುದು ಯೋಜನೆಯ ಲೆಕ್ಕ. ಅಲ್ಲಿರುವುದು 9.55 ಟಿಎಂಸಿ ಮಾತ್ರ ಎಂಬುದು ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಲೆಕ್ಕ. ಇವೆರಡರಲ್ಲಿ ಯಾವುದು ಸರಿ ಎಂಬುದರ ಮೇಲೆ ಪ್ಯಾಕೇಜಪ್ಪನ ಅಡಿಕೆ ತೋಟದ ಭವಿಷ್ಯ ನಿಂತಿದೆ. ಅದನ್ನು ಅಳೆಯುವ ಜಲವಿಜ್ಞಾನ, ಅವನು ದನಿ ತಗ್ಗಿಸಿ ಹೇಳುವ ಸಿವಿಲ್ ಎಂಜಿನಿಯರಿಂಗಿನ ಮಗು. ಪಾವಗಡದ ಕೊಳವೆಬಾವಿಗಳಲ್ಲಿ ಫ್ಲೋರೈಡು ಹಲ್ಲು ಮೂಳೆಗಳನ್ನು ತಿನ್ನುತ್ತಿದೆ, ಅದನ್ನು ಅಗ್ಗವಾಗಿ ತೆಗೆಯುವುದು ಇನ್ನೊಂದು ಸಂಶೋಧನೆಯ ಪ್ರಶ್ನೆ. ಅದೇ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಹರಡಿದೆ. ಬಿಸಿಲು ನಮ್ಮದು, ಗುತ್ತಿಗೆ ಕೊಟ್ಟ ಜಮೀನು ನಮ್ಮ ರೈತರದು. ಜಗತ್ತಿನ ಸೌರಫಲಕ ಉದ್ಯಮವನ್ನು ಹಲವು ವರ್ಷ ಆಳಿದ ‘ಪರ್ಕ್’ ಎಂಬ ಸೌರಕೋಶವನ್ನು ರೂಪಿಸಿದ್ದು ಮಾತ್ರ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮಾರ್ಟಿನ್ ಗ್ರೀನ್ ಮತ್ತು ಸಂಗಡಿಗರು. ಅವರ ಆರಂಭಿಕ ಪ್ಯಾಕೇಜು ಎಷ್ಟಿತ್ತೆಂದು ಪಾವಗಡದಲ್ಲಿ ಯಾರೂ ಕೇಳಿಲ್ಲ.

ಮೂರನೆಯ ಆಕ್ಷೇಪ ಸರ್ಕಾರದ ಕಡೆ ಬೆರಳು ತೋರಿಸುತ್ತದೆ. ದೇಶ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇ. 0.64ರಷ್ಟು. ದಕ್ಷಿಣ ಕೊರಿಯಾದ್ದು ಶೇ. 4ಕ್ಕೂ ಹೆಚ್ಚು. ಹಣವೇ ಇಲ್ಲದಿರುವಾಗ ಕಾಲೇಜನ್ನು ಬೈದು ಫಲವೇನು? ಈ ಮಾತಿನಲ್ಲಿ ಹುರುಳಿದೆ, ಪೂರ್ತಿ ಬಿಡುಗಡೆ ಇಲ್ಲ. ಪಾವಗಡದ ಗಡಿಯಾಚೆಯ ರೊದ್ದಂ ಗ್ರಾಮದ ಮೂಲದವರಾದ ರೊದ್ದಂ ನರಸಿಂಹ ಅವರು 1953ರಲ್ಲಿ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದಾಗ ಹಿರಿಯರು ಕೊಟ್ಟ ಸಲಹೆ ರೈಲ್ವೆ, ಇಲ್ಲವೇ ಬರ್ಮಾ ಶೆಲ್. ಪ್ಯಾಕೇಜಪ್ಪ ಆಗಲೂ ಇದ್ದ ಎಂಬುದಕ್ಕೆ ಇದು ಪುರಾವೆ. ಆಗ ದೇಶ ಇಂದಿಗಿಂತ ಬಡವಾಗಿತ್ತು. ಆದರೂ ನರಸಿಂಹ ವಿಜ್ಞಾನ ಸಂಸ್ಥೆಗೆ ಹೋಗಿ ಸತೀಶ್ ಧವನ್ ಅವರ ಶಿಷ್ಯರಾದರು, ಕ್ಯಾಲ್ಟೆಕ್‌ನಲ್ಲಿ ಪಿಎಚ್.ಡಿ. ಮುಗಿಸಿ ಮರಳಿ ಬಂದು ಗಾಳಿ ಮತ್ತು ಮೋಡಗಳ ಚಲನೆಯನ್ನು ಓದಿದರು, ತೇಜಸ್ ವಿಮಾನದ ಬೆನ್ನಿಗೆ ನಿಂತರು. ಪ್ಯಾಕೇಜಪ್ಪನ ಮಾತಿಗೆ ಎದುರು ಇನ್ನೊಂದು ಮಾತು ಆಡಬಲ್ಲ ಧವನ್‌ರಂಥ ಮೇಷ್ಟ್ರು ಅಂದು ತರಗತಿಯಲ್ಲಿದ್ದರು ಎಂಬುದೇ ವ್ಯತ್ಯಾಸ. ಇಂದು ತರಗತಿಯಲ್ಲಿ ನಿಂತವರೂ ಪ್ಯಾಕೇಜಪ್ಪನ ಪರವಾಗಿಯೇ ಮಾತಾಡಿದರೆ ಹುಡುಗಿಗೆ ಎರಡನೆಯ ದನಿ ಕೇಳುವುದೆಲ್ಲಿ?

ಆದ್ದರಿಂದ ಪ್ಯಾಕೇಜಪ್ಪನನ್ನು ತಿದ್ದಬೇಕಾಗಿಲ್ಲ, ಬಳಸಿಕೊಳ್ಳಬೇಕು. ದಣಿವಿಲ್ಲದೆ ಪ್ರಶ್ನೆ ಕೇಳುವ ಇಂಥ ನಾಗರಿಕ ನಾಡಿನಲ್ಲಿ ಇನ್ನೊಬ್ಬನಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ತಿಂಗಳು ಹಿಡಿದರೆ ಅವನ ಪ್ರಶ್ನೆಗೆ ಕಾಲೇಜು ನಿಂತಲ್ಲೇ ಉತ್ತರ ಕೊಡುತ್ತದೆ. ಕಾಲೇಜುಗಳು ನಡುವಿನ ವಿದ್ಯಾರ್ಥಿಯ ಸಂಬಳವನ್ನೂ, ವರ್ಷದಲ್ಲಿ ಮಾಡಿದ ಒಂದು ಒಳ್ಳೆಯ ಸಂಶೋಧನೆಯನ್ನೂ ಅದೇ ಫ್ಲೆಕ್ಸಿನಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹಾಕಲಿ. ಒಂದೆರಡು ಹಂಗಾಮಿನೊಳಗೆ ಪ್ಯಾಕೇಜಪ್ಪ ಆ ಭಾಷೆಯನ್ನೂ ಕಲಿತುಬಿಡುತ್ತಾನೆ. ಆಗಲೂ ಅವನ ಬಾಯಿಂದ ಬರುವುದು ‘ಆ ಸಂಶೋಧನೆಗೆ ಗ್ರಾಂಟ್ ಎಷ್ಟು ಕೋಟಿ ಬಂತಂತೆ?’ ಎಂಬ ಪ್ರಶ್ನೆಯೇ ಇರಬಹುದು. ಬರಲಿ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದ ಕಾಲೇಜು ಮೊದಲು ಸಂಶೋಧನೆ ಮಾಡಿರಬೇಕಾಗುತ್ತದೆ.