ಹಾಲು ನೀರಾದ ಪಾಠ

ರಸಾಯನಶಾಸ್ತ್ರದ ಮೇಷ್ಟ್ರಾಗಬೇಕೆಂದು ಹಿಂದೂಪುರದಲ್ಲಿ ಬಿ.ಇಡಿ.ಗೆ ಸೇರಿದಾಗ ನನಗಿದ್ದ ತೆಲುಗು ಬಸ್ಸು ಹತ್ತಿ ಇಳಿಯುವಷ್ಟು. ಮಧುಗಿರಿ ಕಡೆಯವನು ನಾನು. ಹಿಂದೂಪುರದಲ್ಲಿ ಕನ್ನಡದಲ್ಲೇ ಕಾಫಿ ಕುಡಿಯಬಹುದು, ಕನ್ನಡದಲ್ಲೇ ಹುಣಸೆಹಣ್ಣು ಚೌಕಾಸಿ ಮಾಡಬಹುದು. ಅದನ್ನು ನಂಬಿ ಕೆಟ್ಟೆ. ಟೀಚಿಂಗ್ ಪ್ರಾಕ್ಟೀಸಿಗೆ ಸಿಕ್ಕಿದ್ದು ಕಲ್ಯಾಣದುರ್ಗದ ಒಂದು ತೆಲುಗು ಹೈಸ್ಕೂಲು. ಪಲ್ಲೆವೆಲುಗು ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠಯೋಜನೆ ಉರು ಹೊಡೆದೆ. ಧೈರ್ಯ ಮಾತ್ರ ಲೇಪಾಕ್ಷಿಯ ತೂಗುಕಂಬ. ನಿಂತ ಹಾಗೆ ಕಾಣುತ್ತೆ, ನೆಲಕ್ಕೆ ಪೂರ್ತಿ ತಾಗಿರೋದಿಲ್ಲ.

ಮೊದಲ ದಿನವೇ ಪ್ರತ್ಯಾಮ್ಲ ಕೈಕೊಟ್ಟಿತು. ‘ಪ್ರತ್ಯಾಮ್ಲವು ಕೆಂಪು ಲಿಟ್ಮಸ್ಸನ್ನು ನೀಲಿ ಮಾಡುತ್ತದೆ’ ಎಂಬ ವಾಕ್ಯಕ್ಕೆ ತೆಲುಗಿನ ಬಾಲ ಅಂಟಿಸಿ ಹೇಳಿದೆ. ಮಕ್ಕಳ ಪುಸ್ತಕದಲ್ಲಿ ಅದು ‘ಕ್ಷಾರಂ’. ಪಾಪ, ಅವರು ಸಂಧಿ ಬಿಡಿಸಿ ‘ಪ್ರತಿ ಆಮ್ಲ’ ಅಂದುಕೊಂಡರು. ಸಂಜೆ ನೋಟ್‌ಬುಕ್ ತೆರೆದರೆ ಜಗತ್ತಿನ ಪ್ರತಿಯೊಂದು ಆಮ್ಲವೂ ಕೆಂಪು ಲಿಟ್ಮಸ್ಸನ್ನು ನೀಲಿ ಮಾಡುತ್ತಾ ಕೂತಿತ್ತು. ಒಂದೇ ಪೀರಿಯಡ್ಡಿನಲ್ಲಿ ಇಡೀ ಅಧ್ಯಾಯವನ್ನು ಶೀರ್ಷಾಸನ ಹಾಕಿಸಿದ್ದೆ.

ಮಾತಿನ ಸಹವಾಸವೇ ಬೇಡವೆಂದು ಮರುದಿನ ಪ್ರಯೋಗಕ್ಕಿಳಿದೆ. ಎಲೆ-ಅಡಿಕೆ ಸುಣ್ಣ ಕದಡಿ, ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನ ತಿಳಿನೀರನ್ನು ಬಗ್ಗಿಸಿ ತಂದಿದ್ದೆ. ಸ್ಟ್ರಾ ಹಾಕಿ ಊದಿದೆ. ಬೆಳ್ಳಗಾಯಿತು! ಇಡೀ ಕ್ಲಾಸು ‘ಪಾಲು! ಪಾಲು!’ ಎಂದು ಕೂಗಿತು. ತೆಲುಗಿನ ಪಾಲು ಅಂದರೆ ಹಾಲು. ಆ ಸಂಭ್ರಮದಲ್ಲಿ ನನ್ನ ಕನ್ನಡದ ಕಿವಿಗೆ ಕೇಳಿಸಿದ್ದು, ಮಕ್ಕಳು ಪಾಲು ಕೇಳುತ್ತಿದ್ದಾರೆ! ‘ಇರ್ರಪ್ಪಾ, ಎಲ್ಲರಿಗೂ ಪಾಲು ಕೊಡ್ತೀನಿ’ ಎಂದುಬಿಟ್ಟೆ. ಮುಂದಿನ ಬೆಂಚಿನ ಹುಡುಗ ಬಿಸಿಯೂಟದ ಲೋಟ ಚಾಚಿದ. ಎಲ್ಲರಿಗೂ ಸಾಲಬೇಕಲ್ಲ, ಇನ್ನಷ್ಟು ಊದಿದೆ, ಕೆನ್ನೆ ನೋಯುವವರೆಗೆ ಊದಿದೆ. ಇಂಗಾಲದ ಡೈಆಕ್ಸೈಡ್ ಅತಿಯಾದರೆ ಬಿಳಿಯ ಕ್ಯಾಲ್ಸಿಯಂ ಕಾರ್ಬೊನೇಟು, ನೀರಿನಲ್ಲಿ ಕರಗುವ ಬೈಕಾರ್ಬೊನೇಟ್ ಆಗುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ತೆಗೆದವನು ನಾನು. ಕಣ್ಣೆದುರೇ ಹಾಲು ಮಾಯವಾಯಿತು. ‘ಪಾಲು ನೀಳ್ಳಯ್ಯಾಯಿ ಸಾರ್!’ ಎಂದ ಲೋಟದ ಹುಡುಗ, ನಮ್ಮೂರ ಹಾಲಿನವನನ್ನು ನಾನು ನೋಡುವ ಕಣ್ಣಿನಿಂದಲೇ ನನ್ನನ್ನು ನೋಡುತ್ತಾ.

ನಿಜವಾದ ಗಂಡಾಂತರ ಮಧ್ಯಾಹ್ನದ ಡಬ್ಬಿಯಲ್ಲಿತ್ತು. ಕಾಲೇಜಿನಿಂದ ಮೇಷ್ಟ್ರು ಪಾಠ ನೋಡಲು ಬರುವ ದಿನ, ಹೊಸ ಬಿಳಿ ಅಂಗಿ, ಊಟಕ್ಕೆ ಚಿತ್ರಾನ್ನ. ನಿಮಗೂ ಆಗಿರುತ್ತೆ ಬಿಡಿ, ಬಿಳಿ ಅಂಗಿ ಕಂಡರೆ ಚಿತ್ರಾನ್ನಕ್ಕೆ ಕಾಲು ಬರುತ್ತೆ. ಎದೆಯ ಮೇಲೆ ಬಿದ್ದ ಹಳದಿ ಕಲೆಗೆ ನಲ್ಲಿಯ ಹತ್ತಿರ ಸೋಪು ತಿಕ್ಕಿದೆ. ಅರಿಶಿನ, ಸೋಪು! ಕಲೆ ಕಡುಗೆಂಪಾಗಿ ಹರಡಿತು. ಗಾಬರಿಗೆ ಇನ್ನೂ ತಿಕ್ಕಿದೆ, ಕೆಂಪು ಹೊಟ್ಟೆಗಿಳಿಯಿತು. ಕ್ಲಾಸಿಗೆ ಕಾಲಿಟ್ಟರೆ ‘ರಕ್ತಂ!’ ಎಂಬ ಚೀತ್ಕಾರ. ಹೆಡ್‌ಮಾಸ್ಟರು ಟಿಂಚರ್ ಬಾಟಲಿ ಹಿಡಿದು ಓಡಿಬಂದರು. ಹಿಂದಿನ ಬೆಂಚಿನಲ್ಲಿ ಕಾಲೇಜಿನ ಮೇಷ್ಟ್ರು ಆಗಲೇ ಪೆನ್ನು ತೆರೆದು ಕೂತಿದ್ದರು.

ಬಾಯಿಗೆ ಯಾವ ಭಾಷೆಯೂ ಬರಲಿಲ್ಲ. ಆಮ್ಲ ತೋರಿಸಲು ತಂದಿದ್ದ ನಿಂಬೆಹಣ್ಣನ್ನು ಎದೆಯ ಮೇಲೇ ಹಿಂಡಿಕೊಂಡೆ. ಕೆಂಪು ಮತ್ತೆ ಹಳದಿಯಾಯಿತು. ಹೆಡ್‌ಮಾಸ್ಟರು ಟಿಂಚರ್ ಮುಚ್ಚಳ ಹಾಕಿದರು. ಮಕ್ಕಳು ‘ಇಂಕೋಸಾರಿ ಸಾರ್!’ ಎಂದರು.

ನನ್ನ ರೆಕಾರ್ಡಿನಲ್ಲಿ ‘ಬೋಧನೋಪಕರಣಗಳು’ ಎಂಬ ಕಾಲಂ ಎದುರು ಮೇಷ್ಟ್ರು ಬರೆದದ್ದು ಈಗಲೂ ಇದೆ: ನಿಂಬೆಹಣ್ಣು 1, ಅಂಗಿ 1.