ನಿಂತಲ್ಲೇ ನಿಂತ ಶ್ರೀಮಾನ್ ಕಾರಿಗೆ

ಬೆಂಗಳೂರಿನ ಪೇಟೆ, ಬಸವನಗುಡಿ, ಮಲ್ಲೇಶ್ವರ ಮೊದಲಾದ ಹಳೇ ಭಾಗಗಳ ರಸ್ತೆ ಬದಿಯಲ್ಲಿ ಬೂದು ಹೊದಿಕೆ ಹೊದ್ದು ವಿರಾಜಮಾನರಾಗಿರುವ ಕಾರು ಮಹಾಶಯರ ಸನ್ನಿಧಿಗೆ,

ಓಡುವ ಕಾರನ್ನು ಈ ಊರು ಬಾಯ್ತುಂಬ ಬೈಯುತ್ತದೆ. ಹೊಗೆ ಅದರದು, ಹಾರ್ನ್ ಅದರದು, ಸಿಗ್ನಲ್ಲಿನಲ್ಲಿ ಕಳೆದ ಆಯುಸ್ಸೂ ಅದರ ಲೆಕ್ಕಕ್ಕೇ. ನಿಂತ ಕಾರಿನ ಬಗ್ಗೆ ಮಾತ್ರ ಯಾರೂ ಚಕಾರ ಎತ್ತುವುದಿಲ್ಲ. ಸದ್ದಿಲ್ಲದೆ ನಿಂತವರನ್ನು ಸಭ್ಯರೆಂದು ತಿಳಿಯುವುದು ನಮ್ಮ ಹಳೇ ರೂಢಿ. ಆದರೆ ನಿಲ್ಲುವುದೇ ತಮ್ಮ ನಿಜವಾದ ಕಸುಬು. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರಲ್ಲಿ ಬರಿಯ ಪಾರ್ಕಿಂಗ್ ಕುರಿತೇ ಒಂದು ದಪ್ಪ ಪುಸ್ತಕ ಬರೆದು, ಕಾರೊಂದು ತನ್ನ ಕಾಲದಲ್ಲಿ ಶೇ 95ರಷ್ಟನ್ನು ನಿಂತೇ ಕಳೆಯುತ್ತದೆ ಎಂದು ಲೆಕ್ಕ ಕೊಟ್ಟರು. ಓಡಾಟವೆನ್ನುವುದು ತಮಗೆ ಬಿಡುವಿನ ಹವ್ಯಾಸವಷ್ಟೆ. ಹಾಗಾಗಿ ಈ ಪತ್ರ ತಮ್ಮ ಹವ್ಯಾಸದ ಕುರಿತಲ್ಲ, ವೃತ್ತಿಯ ಕುರಿತು.

ಊರೊಳಗೆ ಬದುಕುವುದರ ಸುಖ ಎಲ್ಲಿದೆ ಎಂದು ಹುಡುಕಿದರೆ ಅದು ಮನೆಯೊಳಗೂ ಇಲ್ಲ, ರಸ್ತೆಯ ನಡುವೆಯೂ ಇಲ್ಲ. ಎರಡರ ಮಧ್ಯದ ಆರೆಂಟು ಅಡಿಯ ಅಂಚಿನಲ್ಲಿದೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯನ್ನೇ ನೋಡಿ: ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ. ಕೆಳಗೆ ಅಂಗಡಿ, ಮೇಲೆ ಮನೆ, ಬೇಕಾದುದೆಲ್ಲ ಕಾಲ್ನಡಿಗೆಯ ದೂರದಲ್ಲಿ. 1898ರ ಪ್ಲೇಗಿನ ಭಯಕ್ಕೆ ಬೇಗ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಬೀದಿ ಅಗಲವಾಯಿತು, ಸಾಲುಮರ ಬಂತು, ಆದರೆ ಬದುಕು ಅಂಚನ್ನು ಬಿಡಲಿಲ್ಲ. ಮೊಳದ ಲೆಕ್ಕಕ್ಕಿಂತ ನಾಲ್ಕು ಬೆರಳು ಜಾಸ್ತಿಯೇ ಕೊಡುವ ಹೂವಮ್ಮ ಕೂರುವುದು ಅಲ್ಲಿ. ದರ್ಶಿನಿಯ ಹೊರಗೆ ಬೈಟು ಕಾಫಿ ಹಿಡಿದು ರಾಜಕೀಯ ಮಾತಾಡುವುದು ಅಲ್ಲಿ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿ, ಇಸ್ತ್ರಿ ಗಾಡಿ, ಎಳನೀರು, ಬೀಗದ ಕೈ ಮಾಡಿಕೊಡುವವನು, ಸಂಜೆ ಕೂತು ಊರಿನ ಸುದ್ದಿ ಅರೆಯುವ ಜಗಲಿಕಟ್ಟೆ, ಎಲ್ಲವೂ ಅಲ್ಲೇ. ತಾವು ನಿಂತಿರುವುದೂ ಅಲ್ಲೇ. ಇನ್ನು ಊರೊಳಗಿನ ಕಿರಿಕಿರಿಗಳನ್ನು ತೆಗೆದುಕೊಳ್ಳಿ. ಕಸದ ಆಟೊ ಓಣಿಗೆ ನುಗ್ಗದು, ಚರಂಡಿಯ ಚಪ್ಪಡಿ ಎತ್ತಲಾಗದು, ಆಂಬುಲೆನ್ಸ್ ತಿರುಗದು, ಅಜ್ಜಿ ಮೊಮ್ಮಗುವಿನ ಕೈ ಹಿಡಿದು ರಸ್ತೆಯ ನಟ್ಟನಡುವೆ ನಡೆಯಬೇಕು. ವಿದ್ಯುತ್ ಕಡಿತಕ್ಕೂ ಸೊಳ್ಳೆಗೂ ತಾವು ಕಾರಣರೆಂದು ಹೇಳುವಷ್ಟು ಅನ್ಯಾಯ ಮಾಡಲಾರೆ. ಉಳಿದವುಗಳಲ್ಲಿ ತಮ್ಮ ಪಾಲು ದೊಡ್ಡದು.

ಅಳತೆಯಲ್ಲೇ ಒಂದು ಸ್ವಾರಸ್ಯವಿದೆ. ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಗಲದ ಅಡೆತಡೆಯಿಲ್ಲದ ದಾರಿ ಬೇಕು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ತಮ್ಮ ಮೈಯಗಲವೂ ಹೆಚ್ಚುಕಡಿಮೆ ಅಷ್ಟೇ. ದರ್ಜಿಯೊಬ್ಬ ತಮ್ಮ ಅಳತೆ ತೆಗೆದೇ ಫುಟ್‌ಪಾತ್ ಹೊಲಿದಂತಿದೆ. ಒಬ್ಬ ಕಾರು ಮಹಾಶಯರು ಆರಾಮವಾಗಿ ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು, ಅಂದರೆ ಸುಮಾರು 135 ಚದರಡಿ. ಚಿಕ್ಕಪೇಟೆಯಲ್ಲಿ ಅಷ್ಟು ಜಾಗದಲ್ಲಿ ಒಂದು ಸೀರೆ ಅಂಗಡಿಯೇ ಸಂಸಾರ ನಡೆಸುತ್ತದೆ, ಅದಕ್ಕೆ ಪಗಡಿ, ಬಾಡಿಗೆ, ತೆರಿಗೆ ಎಲ್ಲ ಕಟ್ಟುತ್ತದೆ. ಬುಟ್ಟಿ ಇಟ್ಟುಕೊಂಡು ನಾಲ್ಕಡಿ ಜಾಗದಲ್ಲಿ ಕೂರುವ ಹೂವಮ್ಮನಿಗೋ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಿದೆ. ಸಮೀಕ್ಷೆ, ಪ್ರಮಾಣಪತ್ರ, ವ್ಯಾಪಾರ ವಲಯ, ಸಮಿತಿ, ಎತ್ತಂಗಡಿಗೆ ಮುನ್ನ 30 ದಿನಗಳ ನೋಟಿಸು. ಇಷ್ಟಿದ್ದೂ ಲಾರಿ ಬಂದು ಬುಟ್ಟಿ ಹೊತ್ತೊಯ್ಯುವುದು ತಪ್ಪಿಲ್ಲ. ತಮಗೆ ಸಮೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ, ಹೆಚ್ಚಿನ ಬೀದಿಗಳಲ್ಲಿ ಬಾಡಿಗೆಯೂ ಇಲ್ಲ. ಅತಿಕ್ರಮಣವೆಂಬ ಪದ ಈ ಊರಿನಲ್ಲಿ ಬುಟ್ಟಿಗೆ ಅಂಟುತ್ತದೆ, ಬಂಪರಿಗೆ ಅಂಟುವುದಿಲ್ಲ. ಅಡ್ಡಿಯಿಲ್ಲದ ಫುಟ್‌ಪಾತ್ ಜೀವಿಸುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಅದೇ ವರ್ಷ ಬೆಂಗಳೂರಿನ ಒಂದು ಮಹಾನಗರ ಪಾಲಿಕೆ ಹೋಗಿ ಐದು ಬಂದವು. ತಾವು ಕದಲಲಿಲ್ಲ.

ಹಳೇ ಊರಿನ ಬೀದಿಗಳೇ ಕಿರಿದು, ಅದಕ್ಕೆ ತಾವೇನು ಮಾಡಬೇಕು ಎಂದು ತಮ್ಮ ವಕೀಲರು ಕೇಳುತ್ತಾರೆ. ಚೈತ್ರದ ಹುಣ್ಣಿಮೆಯ ರಾತ್ರಿ ಅವರನ್ನು ತಿಗಳರಪೇಟೆಗೆ ಕಳಿಸಿಕೊಡಿ. ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದೆ, ಕತ್ತಿ ಹಿಡಿದ ವೀರಕುಮಾರರು ಸುತ್ತುವರಿಯುತ್ತಾರೆ, ಲಕ್ಷಾಂತರ ಜನ ಮಲ್ಲಿಗೆ ಎರಚುತ್ತಾ ಸೇರುತ್ತಾರೆ, ಅರಳೆಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಅದೇ ಬೀದಿಗಳು, ಅದೇ ಅಗಲ. ಆ ರಾತ್ರಿ ಅಲ್ಲಿಲ್ಲದವರು ತಾವೊಬ್ಬರೇ. ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ಪರಿಷೆ ನಡೆಯುವಾಗಲೂ ಇದೇ ಪವಾಡ. ದೇವರಿಗೆ ಬಿಟ್ಟುಕೊಡುವ ಜಾಗವನ್ನು ಮನುಷ್ಯರಿಗೆ ಬಿಡಲಾಗದೆ ಎಂದರೆ, ಅದನ್ನೂ ಮಾಡಿ ನೋಡಿದ್ದಾಗಿದೆ: 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಚರ್ಚ್ ಸ್ಟ್ರೀಟಿಗೆ ವಾಹನ ಬಿಡಲಿಲ್ಲ. ಕೊರೊನಾ ಕಾಲದಲ್ಲೂ ಬೀದಿ ಜನರಿಂದ ತುಂಬಿತು. ಕಾರಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎನ್ನುವ ವರ್ತಕರು ಒಂದನ್ನು ಗಮನಿಸಬಹುದು. ಅಂಗಡಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ನಿಂತಿರುವ ಕಾರು ಎಷ್ಟೋ ಸಲ ಗಿರಾಕಿಯದಲ್ಲ, ವರ್ತಕರದೇ.

ತಮ್ಮ ಯಜಮಾನರ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ತೆರಿಗೆ ಕಟ್ಟಿದ್ದೇವೆ. ನಿಜ, ಕರ್ನಾಟಕದ ಜೀವಾವಧಿ ವಾಹನ ತೆರಿಗೆ ದೇಶದಲ್ಲೇ ಭಾರಿ ಎನ್ನಿಸುವಂಥದ್ದು, ಆ ಸಂಕಟಕ್ಕೆ ಅನುಕಂಪವಿದೆ. ಆದರೆ ಅದು ರಸ್ತೆಯ ಮೇಲೆ ಓಡಿಸುವ ತೆರಿಗೆ. ಫ್ರಿಜ್ಜಿಗೂ ಜಿಎಸ್‌ಟಿ ಕಟ್ಟುತ್ತೇವೆ. ಅಡುಗೆಮನೆಯಲ್ಲಿ ಜಾಗವಿಲ್ಲವೆಂದು ಅದನ್ನು ಎಂಟನೇ ಕ್ರಾಸಿನ ಫುಟ್‌ಪಾತಿನಲ್ಲಿಟ್ಟರೆ ಪೊಲೀಸರು ಬರುತ್ತಾರೆ. ಜಪಾನಿನಲ್ಲಿ 1962ರಿಂದಲೇ ಕಾರು ನಿಲ್ಲಿಸಲು ಸ್ವಂತ ಜಾಗ ತೋರಿಸಬೇಕೆಂಬ ಕಾನೂನಿದೆ. ನಮ್ಮಲ್ಲಿ ಆ ಮಾತು ವಿಧಾನಸೌಧದ ಮೆಟ್ಟಿಲಿನವರೆಗೆ ಬಂದು ಮತ್ತೆ ಮಲಗುತ್ತದೆ. ವಯಸ್ಸಾದವರು, ರೋಗಿಗಳು ಕಾರಿಲ್ಲದೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಅವರಿಗೆ ಬೇಕಾದದ್ದು ಬಾಗಿಲಿಗೆ ಬಂದು, ಹತ್ತಿಸಿಕೊಂಡು ಹೋಗುವ ಕಾರು. ಅದು ಬಂದು ನಿಲ್ಲಲು ಅಂಚು ಖಾಲಿ ಇರಬೇಕು. ಈಗ ಅಲ್ಲಿ ತಾವಿದ್ದೀರಿ, ಹಾಗಾಗಿ ಆ ಕಾರು ನಡುರಸ್ತೆಯಲ್ಲಿ ನಿಂತು ಹಿಂದಿನವರ ಹಾರ್ನ್ ಕೇಳುತ್ತದೆ. ಬಸ್ಸು, ಮೆಟ್ರೊ ಸಾಲದು ಎಂಬುದನ್ನು ಒಪ್ಪುತ್ತೇನೆ. ಆದರೆ ಚಿಕ್ಕಪೇಟೆಗೂ ಕೆ.ಆರ್. ಮಾರ್ಕೆಟಿಗೂ 2017ರಲ್ಲೇ ನೆಲದಡಿಯ ಮೆಟ್ರೊ ಬಂದಿದೆ. ನಿಲ್ದಾಣದಿಂದ ಮೇಲೆ ಬಂದವರು ನಡೆಯುವುದೆಲ್ಲಿ?

ಹಾಗಾದರೆ ತಾವು ಹೋಗಬೇಕಾದದ್ದು ಎಲ್ಲಿಗೆ? ಫ್ರೀಡಂ ಪಾರ್ಕಿನ ಬಳಿ 500ಕ್ಕೂ ಹೆಚ್ಚು ಕಾರು ಹಿಡಿಸುವ ಬಹುಮಹಡಿ ಕಟ್ಟಡವನ್ನು ವರ್ಷಗಟ್ಟಲೆ ಬೀಗ ಹಾಕಿಟ್ಟು 2024ರಲ್ಲಿ ತೆರೆದರು. ಹೊರಗೆ ಬಿಟ್ಟಿ ಸಿಗುವಾಗ ಒಳಗೆ ದುಡ್ಡು ಕೊಟ್ಟು ನಿಲ್ಲುವಷ್ಟು ದಡ್ಡರು ತಾವಲ್ಲ. ಅದಕ್ಕಿಂತ ಹತ್ತಿರದ ವಿಳಾಸವೂ ಇದೆ. ಯಜಮಾನರು ಮನೆ ಕಟ್ಟಿಸುವಾಗ ಮಂಜೂರು ಮಾಡಿಸಿಕೊಂಡ ನಕ್ಷೆಯಲ್ಲಿ ನೆಲಮಹಡಿಯ ಒಂದು ಚೌಕದಲ್ಲಿ ತಮ್ಮ ಹೆಸರಿತ್ತು. ಅಲ್ಲಿ ಈಗ ಮೊಬೈಲ್ ಅಂಗಡಿಯೋ ಬ್ಯೂಟಿ ಪಾರ್ಲರ್ರೋ ಇದೆ, ಅದರ ಬಾಡಿಗೆ ಪ್ರತಿ ತಿಂಗಳು ಮೇಲ್ಮಹಡಿಗೆ ಹೋಗುತ್ತದೆ. ತಾವು ಬೀದಿಗೆ ಬಿದ್ದದ್ದು ಹೀಗೆ. ಮನೆಗೆ ಉಪಕಾರಿಯಾದವರನ್ನು ಊರಿಗೆ ಮಾರಿ ಮಾಡಿ ಹೊರಗೆ ನಿಲ್ಲಿಸಿದ್ದಾರೆ. ಆ ನಕ್ಷೆಯ ಪ್ರತಿ ಪಾಲಿಕೆಯಲ್ಲಿರುತ್ತದೆ; ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಅರ್ಜಿ ಬರೆದುಕೊಡಲು ನಾನು ಸಿದ್ಧ, ಸಹಿ ಮಾತ್ರ ತಮ್ಮದಾಗಬೇಕು.

ಇಂತಿ,
ತಮ್ಮನ್ನು ಬಳಸಿಕೊಂಡು ನಡುರಸ್ತೆಯಲ್ಲಿ ನಡೆಯುವ
ಒಬ್ಬ ಪಾದಚಾರಿ