ಮೊದಲ ಚಪ್ಪಾಳೆಯ ಹಕ್ಕುದಾರರು

ಲಂಡನ್ನಿನ ವಿಗ್ಮೋರ್ ಹಾಲ್‌ನಲ್ಲಿ ಸುಮಾರು 550 ಸೀಟುಗಳು. ಯಾವ ಕಛೇರಿಗೆ ಹೋದರೂ ಅವುಗಳಲ್ಲೊಂದರಲ್ಲಿ ಈ ಮಹನೀಯರು ಇದ್ದೇ ಇರುತ್ತಾರೆ. ಅರವತ್ತು ದಾಟಿದ ವಯಸ್ಸು, ಮೊಣಕೈಗೆ ತೇಪೆ ಹಚ್ಚಿದ ಕೋಟು, ತೊಡೆಯ ಮೇಲೆ ಹಳದಿ ರಟ್ಟಿನ ಆಯ್ಲೆನ್‌ಬುರ್ಗ್ ಸ್ವರಲಿಪಿ ಪುಸ್ತಕ. ಕೆಮ್ಮಿನ ಮಾತ್ರೆಯ ಕಾಗದ ಸಭೆಯಲ್ಲಿ ಪರಪರ ಎನ್ನಬಾರದೆಂದು ಮನೆಯಲ್ಲೇ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿ ತಂದಿರುತ್ತಾರೆ. ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಮಾತ್ರೆಗೆಲ್ಲ ನೂಲು ಅಂಟಿರುತ್ತದೆ. ಕಲೆಗಾಗಿ ಅದನ್ನೂ ನುಂಗುತ್ತಾರೆ. ಪುಸ್ತಕದ ಹಾಳೆ ತಿರುವುವ ಸದ್ದು ಮಾತ್ರ ಅವರ ಲೆಕ್ಕದಲ್ಲಿ ಸದ್ದಲ್ಲ.

ಸಂಗೀತ ಕೇಳುವುದು ಅವರಿಗೆ ಉಪಕಸುಬು. ಉಳಿದವರು ನೆಟ್ಟಗೆ ಕೇಳುತ್ತಿದ್ದಾರೆಯೇ ಎಂದು ನೋಡುವುದೇ ಮುಖ್ಯ ಕಸುಬು. ಪಕ್ಕದಲ್ಲಿ ಕೂತ ಬಸವನಗುಡಿ ಮೂಲದ ಡಾಕ್ಟರು ಅಭ್ಯಾಸಬಲದಿಂದ ತೊಡೆ ತಟ್ಟಿ ತಾಳ ಹಾಕಿದರೆ ಮುಗಿಯಿತು, ಕನ್ನಡಕದ ಮೇಲಿಂದ ಒಂದು ನೋಟ.

ಚೈಕೋವ್‌ಸ್ಕಿಯ ಆರನೆಯ ಸಿಂಫನಿ ಕೇಳಲು ಬೇರೆ ದೊಡ್ಡ ಸಭಾಂಗಣಕ್ಕೆ ಹೋದ ದಿನವಂತೂ ಅವರ ರಕ್ತದೊತ್ತಡ ಏರುವುದು ಖಾತ್ರಿ. ಮೂರನೆಯ ಭಾಗ ನಗಾರಿ, ತುತ್ತೂರಿಗಳ ಅಬ್ಬರದಲ್ಲಿ ಮುಗಿದಾಗ ಜನ ಎಲ್ಲ ಆಯಿತೆಂದೇ ಚಪ್ಪಾಳೆ ಸುರಿಸುತ್ತಾರೆ. ಅಳುವ ನಾಲ್ಕನೆಯ ಭಾಗ ಇನ್ನೂ ಬಾಕಿ! ‘ಶ್‌ಶ್...’ ಎಂದು ಇವರು ಹೊರಡಿಸುವ ಸದ್ದು ಚಪ್ಪಾಳೆಗಿಂತ ಕರ್ಕಶ.

ಭಾಗಗಳ ನಡುವೆ ಚಪ್ಪಾಳೆ ತಟ್ಟಬಾರದೆಂಬ ಈ ಶಿಸ್ತು ಸನಾತನವೆಂದು ಅವರ ನಂಬಿಕೆ. 1778ರಲ್ಲಿ ಪ್ಯಾರಿಸ್ಸಿನ ಜನ ಮೊಟ್ಸಾರ್ಟನ ಸಿಂಫನಿಗೆ ಮೊದಲ ಭಾಗದ ನಡುವೆಯೇ ಚಪ್ಪಾಳೆ ತಟ್ಟಿದ್ದರು. ಅವನು ಸಿಟ್ಟಾಗಲಿಲ್ಲ, ಕಛೇರಿ ಮುಗಿಸಿ ಐಸ್‌ಕ್ರೀಮ್ ತಿಂದು, ಅಪ್ಪನಿಗೆ ಪತ್ರ ಬರೆದು ಹಿಗ್ಗಿದ. ಇದನ್ನು ಹೇಳಿದರೆ ‘ಅವನಿನ್ನೂ ಹುಡುಗ’ ಎಂದು ತಳ್ಳಿಹಾಕುತ್ತಾರೆ.

ಕೊನೆಯ ಸ್ವರ ಆರುವ ಮುನ್ನವೇ ಮೊದಲ ಚಪ್ಪಾಳೆ ತಟ್ಟುವ ಹಕ್ಕು ಮಾತ್ರ ಅವರದೇ. ಕೃತಿ ಎಲ್ಲಿ ಮುಗಿಯುತ್ತದೆಂದು ತಮಗೆ ಗೊತ್ತು ಎನ್ನುವುದು ನಾಲ್ಕು ಜನಕ್ಕೆ ತಿಳಿಯಬೇಡವೇ?

ಇಂಥವರಿಗೆಂದೇ ಹೈಡನ್ 1781ರಲ್ಲಿ ಒಂದು ಬಲೆ ಹೆಣೆದಿಟ್ಟಂತಿದೆ. ‘ಜೋಕ್’ ಎಂದೇ ಹೆಸರಾದ ಆ ಕ್ವಾರ್ಟೆಟ್‌ಗೆ ಪುಸ್ತಕ ಯಾಕೆಂದು ಇವರು ಬರಿಗೈಲಿ ಬಂದಿರುತ್ತಾರೆ. ಕೊನೆಗೆ ಬಂದಾಗ ಪಲ್ಲವಿಯಂಥ ಸಾಲು ತುಂಡುತುಂಡಾಗಿ ಬರುತ್ತದೆ. ಒಂದು ತುಂಡು, ಮೌನ. ಇನ್ನೊಂದು ತುಂಡು, ಮೌನ. ಸಾಲು ಪೂರ್ತಿಯಾಯಿತು, ಈಗ ಇನ್ನೂ ಉದ್ದನೆಯ ಮೌನ. ಪಟಪಟ ಚಪ್ಪಾಳೆ, ಜೊತೆಗೆ ‘ಬ್ರಾವೋ!’ ಆಗ ನಾಲ್ವರೂ ಕಮಾನು ಎತ್ತಿ ಮೊದಲ ತುಂಡನ್ನೇ ಮತ್ತೆ ಮೆಲ್ಲಗೆ ನುಡಿಸಿ ಸುಮ್ಮನಾಗುತ್ತಾರೆ. ಕೃತಿ ಮುಗಿಯುವುದೇ ಹಾಗೆ.

ಸಭೆಯೆಲ್ಲ ನಗುತ್ತದೆ. ಡಾಕ್ಟರು ಸ್ವಲ್ಪ ಜಾಸ್ತಿಯೇ ನಗುತ್ತಾರೆ.

ಭಾನುವಾರ ಬೆಳಗಿನ ಕಛೇರಿಯಾದ ಮೇಲೆ ವಿಗ್ಮೋರ್‌ನಲ್ಲಿ ಕಾಫಿಯೋ ಶೆರ್ರಿಯೋ ಕೊಡುತ್ತಾರೆ. ಶೆರ್ರಿ ಲೋಟ ಹಿಡಿದು ಇವರು ಸಿಕ್ಕಸಿಕ್ಕವರಿಗೆಲ್ಲ ವಿವರಿಸುತ್ತಿರುತ್ತಾರೆ: ‘ವಯೋಲಾದವಳು ಕಮಾನು ಕೆಳಗಿಳಿಸಿಬಿಟ್ಟಳು ನೋಡಿ, ಅಲ್ಲೇ ಯಡವಟ್ಟಾಗಿದ್ದು.’